ಬಾಡಿಗೆಯೋ, ಸ್ವಂತ ಸೂರೋ? ಹೊರವಲಯದ ಲೆಕ್ಕಾಚಾರ

ಬೆಂಗಳೂರು: ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡರಲ್ಲೂ ಅಂದಾಜು ತಪ್ಪುತ್ತದೆ, ಎರಡರಲ್ಲೂ ಸಾಲವಾಗುತ್ತದೆ ಎಂಬುದು ಗಾದೆಯ ತಾತ್ಪರ್ಯ. ಆದರೆ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವವನ ಬಳಿ ಜಾಗವಿರುತ್ತಿತ್ತು. ಇಂದು ಬೆಂಗಳೂರಿನ ಹೊರವಲಯದಲ್ಲಿ ಸೂರು ಹುಡುಕುವ ಮಧ್ಯಮ ವರ್ಗದ ಕುಟುಂಬಕ್ಕೆ ಮೊದಲು ಜಾಗ ಬೇಕು, ಆ ಜಾಗಕ್ಕೆ ಸರಿಯಾದ ಕಾಗದಪತ್ರ ಬೇಕು, ಬಳಿಕ ನೀರು, ರಸ್ತೆ, ಒಳಚರಂಡಿ ಬೇಕು. ಇಟ್ಟಿಗೆ, ಸಿಮೆಂಟಿನ ಮಾತು ಬರುವುದು ಆಮೇಲೆ.

ತಿಂಗಳ ಮೊದಲ ವಾರ ಬಾಡಿಗೆ ಕೊಡುವಾಗ ‘ಈ ಹಣವನ್ನು ಕಂತಾಗಿ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಸ್ವಂತ ಮನೆಯಾಗುತ್ತಿತ್ತು’ ಎಂಬ ಮಾತು ಕೇಳಿಬರದ ಬಾಡಿಗೆ ಮನೆ ಈ ನಗರದಲ್ಲಿ ಅಪರೂಪ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಕೆಂಗೇರಿಯಾಚೆ, ಮಾಗಡಿ ರಸ್ತೆಯುದ್ದಕ್ಕೆ, ನೆಲಮಂಗಲ, ಹೊಸಕೋಟೆ, ಆನೇಕಲ್, ಸರ್ಜಾಪುರದ ಸುತ್ತ ತಲೆಯೆತ್ತುತ್ತಿರುವ ಬಡಾವಣೆಗಳಲ್ಲಿ ನಿವೇಶನ ಕೊಂಡು ಮನೆ ಕಟ್ಟುವುದು ಲಾಭವೋ, ಬಾಡಿಗೆ ಮನೆಯಲ್ಲೇ ಮುಂದುವರಿಯುವುದು ಜಾಣತನವೋ? ಭಾವನೆಯನ್ನು ಒಂದು ಗಳಿಗೆ ಬದಿಗಿಟ್ಟು ಲೆಕ್ಕ ಹಾಕಿ ನೋಡಬೇಕಾಗಿದೆ.

ಕಾಗದದ ಮೇಲಿನ ಲೆಕ್ಕ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರದೇಶದಿಂದ ಪ್ರದೇಶಕ್ಕೆ ದರ ಬದಲಾಗುತ್ತದೆಯಾದ್ದರಿಂದ ಓದುಗರು ತಮ್ಮ ತಮ್ಮ ಅಂಕಿಗಳನ್ನು ಇಲ್ಲಿ ಇಟ್ಟು ನೋಡಿಕೊಳ್ಳಬಹುದು.

ಹೊರವಲಯದಲ್ಲಿ 30x40 ಅಳತೆಯ, ಅಂದರೆ 1,200 ಚದರಡಿಯ ನಿವೇಶನ. ಚದರಡಿಗೆ 3,500 ರೂ. ಎಂದು ಹಿಡಿದರೆ 42 ಲಕ್ಷ ರೂ. ನೋಂದಣಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ಜೊತೆಗೆ ನೋಂದಣಿ ಶುಲ್ಕ. ರಾಜ್ಯ ಸರ್ಕಾರ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವನ್ನು ಶೇ. 1ರಿಂದ ಶೇ. 2ಕ್ಕೆ ಏರಿಸಿದ ಬಳಿಕ ಒಟ್ಟು ಹೊರೆ ಸುಮಾರು ಶೇ. 7.6. ಅಂದರೆ 3.19 ಲಕ್ಷ ರೂ. ಇನ್ನು 1,200 ಚದರಡಿ ಕಟ್ಟಡಕ್ಕೆ ಚದರಡಿಗೆ 2,200 ರೂ.ನಂತೆ 26.4 ಲಕ್ಷ ರೂ. ನಕ್ಷೆ ಮಂಜೂರಾತಿ, ಕೊಳವೆಬಾವಿ, ಸಂಪು, ಕಾಂಪೌಂಡ್, ವಿದ್ಯುತ್ ಸಂಪರ್ಕ ಇತ್ಯಾದಿಗೆ 5 ಲಕ್ಷ ರೂ. ಎಲ್ಲವೂ ಸೇರಿ 76.6 ಲಕ್ಷ ರೂ.

ಈ ಪೈಕಿ 50 ಲಕ್ಷ ರೂ. ಸಾಲ, ಉಳಿದ 26.6 ಲಕ್ಷ ರೂ. ಕೈಯಿಂದ. ಶೇ. 8.5ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ತಿಂಗಳ ಕಂತು 43,391 ರೂ. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಮೊತ್ತ 1 ಕೋಟಿ 4 ಲಕ್ಷ ರೂ. ಮೀರುತ್ತದೆ. ಅದರಲ್ಲಿ ಬಡ್ಡಿಯೇ 54 ಲಕ್ಷ ರೂ.ಗೂ ಹೆಚ್ಚು. ಕೈಗೆ ಬರುವ ಸಂಬಳದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗದಂತೆ ಬ್ಯಾಂಕುಗಳು ಸಾಮಾನ್ಯವಾಗಿ ನೋಡಿಕೊಳ್ಳುವುದರಿಂದ, ಈ ಸಾಲ ಸಿಗಬೇಕಾದರೆ ಕುಟುಂಬದ ಮಾಸಿಕ ವರಮಾನ 87 ಸಾವಿರ ರೂ. ಆಸುಪಾಸಿನಲ್ಲಿರಬೇಕು.

ಅದೇ ಪ್ರದೇಶದಲ್ಲಿ ಅಷ್ಟೇ ಅಳತೆಯ ಮನೆಯ ಬಾಡಿಗೆ 18 ಸಾವಿರ ರೂ. ಎಂದಿಟ್ಟುಕೊಳ್ಳೋಣ. ಹತ್ತು ತಿಂಗಳ ಮುಂಗಡ 1.8 ಲಕ್ಷ ರೂ. ಮನೆ ಕಟ್ಟುವವನು ಕೈಯಿಂದ ಹಾಕಿದ 26.6 ಲಕ್ಷ ರೂ.ಗೆ ತೆರಿಗೆ ಕಳೆದು ಶೇ. 6ರ ಬಡ್ಡಿ ಬರುತ್ತಿತ್ತು ಎಂದಾದರೆ ತಿಂಗಳಿಗೆ 13,300 ರೂ. ಕಳೆದುಕೊಂಡಂತೆ. ಬಾಡಿಗೆದಾರನ ಮುಂಗಡದ ಮೇಲೆ ಹೀಗೆ ನಷ್ಟವಾಗುವುದು 900 ರೂ. ಮೊದಲ ವರ್ಷದ ತಾಳೆ ಹೀಗಿದೆ: ಸ್ವಂತ ಮನೆಗೆ ತಿಂಗಳಿಗೆ 56,691 ರೂ., ಬಾಡಿಗೆ ಮನೆಗೆ 18,900 ರೂ. ಒಂದಕ್ಕೆ ಮೂರು ಪಟ್ಟು. ‘ಬಾಡಿಗೆಯ ಹಣವನ್ನೇ ಕಂತಾಗಿ ಕಟ್ಟಿದ್ದರೆ’ ಎಂಬ ಮಾತು, ನಿವೇಶನವನ್ನೂ ಕೊಳ್ಳಬೇಕಾದವರ ಪಾಲಿಗೆ, ಇಲ್ಲಿಗೆ ಬಿದ್ದುಹೋಗುತ್ತದೆ.

ಬಾಡಿಗೆ ಏರುತ್ತದೆ, ಕಂತು ಏರುವುದಿಲ್ಲ ಎಂಬುದು ಪ್ರತಿವಾದ. ಇದರಲ್ಲಿ ಹುರುಳಿದೆ. ವರ್ಷಕ್ಕೆ ಶೇ. 5ರಂತೆ ಏರಿದರೆ 18 ಸಾವಿರದ ಬಾಡಿಗೆ ಕಂತಿನ ಮಟ್ಟ ಮುಟ್ಟಲು ಸುಮಾರು 18 ವರ್ಷ ಬೇಕು. ಶೇ. 8ರಂತೆ ಏರಿದರೆ 12 ವರ್ಷ ಸಾಕು. ಆದರೆ ಕಂತು ಏರುವುದಿಲ್ಲ ಎಂಬುದೂ ಪೂರ್ತಿ ಸತ್ಯವಲ್ಲ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿವರೆಗೆ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ರಿಂದ ಶೇ. 6.5ಕ್ಕೆ ಏರಿಸಿದಾಗ ಬದಲಾಗುವ ಬಡ್ಡಿದರದ ಗೃಹಸಾಲ ಪಡೆದವರು ಅದರ ಬಿಸಿ ಅನುಭವಿಸಿದರು. ಅನೇಕರ ಕಂತು ಹಾಗೆಯೇ ಉಳಿದರೂ ಸಾಲದ ಅವಧಿ ವರ್ಷಗಟ್ಟಲೆ ಬೆಳೆಯಿತು. 2025ರಲ್ಲಿ ರೆಪೊ ದರ ಹಂತಹಂತವಾಗಿ ಶೇ. 5.25ಕ್ಕೆ ಇಳಿದದ್ದು ನೆಮ್ಮದಿ ತಂದಿತಾದರೂ ಇಪ್ಪತ್ತು ವರ್ಷದ ಸಾಲದಲ್ಲಿ ಇಂಥ ಏರಿಳಿತ ಇನ್ನೆಷ್ಟು ಬಾರಿ ಬರಲಿದೆಯೋ ಹೇಳುವವರಾರು? ಮೇಲಿನ ಉದಾಹರಣೆಯಲ್ಲಿ ಬಡ್ಡಿ ಒಂದೇ ಒಂದು ಶೇಕಡಾ ಏರಿದರೆ ಕಂತು 3,200 ರೂ.ನಷ್ಟು ಹೆಚ್ಚುತ್ತದೆ.

ತೆರಿಗೆ ವಿನಾಯಿತಿಯ ಆಕರ್ಷಣೆಯೂ ಮೊದಲಿನಂತಿಲ್ಲ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷ ರೂ.ವರೆಗಿನ ಕಡಿತ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಇದೂ ಇಲ್ಲ, ಬಾಡಿಗೆದಾರರಿಗೆ ಮನೆ ಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ.

ಇಪ್ಪತ್ತು ವರ್ಷದ ಬಳಿಕ

ಹಾಗಾದರೆ ಬಾಡಿಗೆಯೇ ಲೇಸೆಂದು ತೀರ್ಮಾನಿಸಬಹುದೆ? ಅವಸರ ಬೇಡ. ಇಪ್ಪತ್ತು ವರ್ಷದ ಬಳಿಕ ಒಬ್ಬನ ಬಳಿ ಮನೆ ಇರುತ್ತದೆ. ಇನ್ನೊಬ್ಬನ ಬಳಿ ಉಳಿತಾಯ ಇರಬೇಕು. ಬಾಡಿಗೆದಾರ ತನ್ನ 26.6 ಲಕ್ಷ ರೂ.ಗಳನ್ನು ಶೇ. 6ರಲ್ಲಿ ಬೆಳೆಸಿ, ಕಂತಿಗೂ ಬಾಡಿಗೆಗೂ ನಡುವಿನ ಅಂತರವನ್ನು ತಪ್ಪದೆ ಕೂಡಿಡುತ್ತ ಹೋದರೆ, ಬಾಡಿಗೆ ವರ್ಷಕ್ಕೆ ಶೇ. 5ರಂತೆ ಏರಿದರೂ, ಕೊನೆಗೆ ಅವನ ಕೈಯಲ್ಲಿ ಸುಮಾರು ಒಂದೂವರೆ ಕೋಟಿ ರೂ. ಇರುತ್ತದೆ. ಇಪ್ಪತ್ತು ವರ್ಷ ಹಳೆಯ ಕಟ್ಟಡಕ್ಕೆ ಹೆಚ್ಚಿನ ಬೆಲೆಯಿಲ್ಲ. ಬೆಲೆ ಇರುವುದು ನೆಲಕ್ಕೆ. ಹಾಗೆ ನೋಡಿದರೆ 42 ಲಕ್ಷದ ನಿವೇಶನ ವರ್ಷಕ್ಕೆ ಶೇ. 6ಕ್ಕಿಂತ ತುಸು ಹೆಚ್ಚು ಬೆಲೆ ಏರಿಸಿಕೊಂಡರೆ ಇಬ್ಬರ ಲೆಕ್ಕವೂ ಸರಿಸಮ.

ಅಂದರೆ ವಿವಾದದ ತಿರುಳು ಎರಡೇ ಪ್ರಶ್ನೆಗಳಲ್ಲಿದೆ. ನೆಲದ ಬೆಲೆ ಆ ವೇಗದಲ್ಲಿ ಏರುವುದೆ? ಬಾಡಿಗೆದಾರ ನಿಜಕ್ಕೂ ಉಳಿಸುವನೆ?

ಎರಡನೆಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಬಹುತೇಕ ಮನೆಗಳಲ್ಲಿ ‘ಇಲ್ಲ’ ಎಂದೇ ಆಗಿರುತ್ತದೆ. ತಿಂಗಳಿಗೆ 25 ಸಾವಿರ ರೂ. ಎತ್ತಿಡಬೇಕೆಂದುಕೊಂಡವರ ಹಣ ಮಕ್ಕಳ ಶಾಲಾ ಶುಲ್ಕ, ಊರಿನ ಹಬ್ಬ, ಆಸ್ಪತ್ರೆ, ತಂಗಿಯ ಮದುವೆ ಎಂದು ಕರಗುತ್ತದೆ. ಬ್ಯಾಂಕಿನ ಕಂತು ಮಾತ್ರ ಕರಗುವುದಿಲ್ಲ. ಸ್ವಂತ ಮನೆ ಕಟ್ಟಿದವರು ಶ್ರೀಮಂತರಾದಂತೆ ಕಾಣುವುದಕ್ಕೆ ನೆಲದ ಬೆಲೆಯಷ್ಟೇ ಈ ಬಲವಂತದ ಉಳಿತಾಯವೂ ಕಾರಣ. ಮೊದಲನೆಯ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಬ್ಯಾಂಕಿನಿಂದ ಹೊರಟು ನೆಲದ ಮೇಲೆ ನಿಲ್ಲಬೇಕು.

ನೀರು, ದಾರಿ, ದೀಪ

2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳು, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳೂ ನಗರದೊಳಗೆ ಬಂದವು. ಈ ಹಳ್ಳಿಗಳಿಗೆ ಕಾವೇರಿ ನೀರು ಹರಿಸುವ ಉದ್ದೇಶದ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ದಿನಕ್ಕೆ 775 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ನಗರಕ್ಕೆ ಸೇರಿದ್ದಕ್ಕೂ ನೀರು ಬಂದದ್ದಕ್ಕೂ ನಡುವೆ 17 ವರ್ಷಗಳ ಅಂತರ. ಗೃಹಸಾಲದ ಅವಧಿ ಹೆಚ್ಚು ಕಡಿಮೆ ಅಷ್ಟೇ! ಇಂದು ಅದರಿಂದಾಚೆ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನಿವೇಶನ ಕೊಳ್ಳುವವರು ಈ ಅಂತರವನ್ನು ನೆನಪಿನಲ್ಲಿಡುವುದು ಒಳಿತು.

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ಐದು ಕಿ.ಮೀ. ಒಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂ., ಐದರಿಂದ ಹತ್ತು ಕಿ.ಮೀ.ವರೆಗೆ 750 ರೂ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ತಿಂಗಳಿಗೆ 16,200 ಲೀಟರ್ ಬೇಕು. ಎಂದರೆ ಮೂರು ಟ್ಯಾಂಕರ್. ಹಣ ದೊಡ್ಡದಲ್ಲ. ಟ್ಯಾಂಕರ್ ಬಾರದ ದಿನ ಏನು ಮಾಡುವುದು ಎಂಬುದು ದೊಡ್ಡದು. ಬಾಡಿಗೆದಾರ ಇಂಥ ಬೇಸಿಗೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಬೇರೆಡೆ ಹೋಗಬಹುದು. ಮಾಲೀಕ ಹೋಗಲಾರ.

ಪ್ರಯಾಣದ ಲೆಕ್ಕವನ್ನೂ ಬಿಡುವಂತಿಲ್ಲ. ಕಚೇರಿ 25 ಕಿ.ಮೀ. ದೂರವಿದ್ದರೆ ತಿಂಗಳಿಗೆ 24 ದಿನ, 1,200 ಕಿ.ಮೀ. ಲೀಟರಿಗೆ 45 ಕಿ.ಮೀ. ಓಡುವ ದ್ವಿಚಕ್ರ ವಾಹನಕ್ಕೆ, ಪೆಟ್ರೋಲ್ 103 ರೂ. ಎಂದರೂ, 2,750 ರೂ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಎಂದಾದರೆ ತಿಂಗಳಿಗೆ 72 ಗಂಟೆ ರಸ್ತೆಯ ಪಾಲು. ಇದರ ಬೆಲೆ ಎಷ್ಟೆಂದು ಸಂಜೆ ಅಪ್ಪನಿಗಾಗಿ ಕಾದು ನಿದ್ದೆಹೋದ ಮಕ್ಕಳೇ ಹೇಳಬೇಕು. ಮೆಟ್ರೊ ಬಂದ ಕಡೆ ಈ ಚಿತ್ರ ಬದಲಾಗಿದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು, 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರ ತಲುಪಿತು, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬೊಮ್ಮಸಂದ್ರಕ್ಕೆ ಓಡಿತು. ಆದರೆ ರೈಲು ಬರುವ ಮುನ್ನವೇ ಆಸುಪಾಸಿನ ನಿವೇಶನದ ಬೆಲೆ ಅದನ್ನು ಮೀರಿ ಓಡಿರುತ್ತದೆ. ಪ್ರಯಾಣ ದರವೂ 2025ರ ಫೆಬ್ರುವರಿಯಲ್ಲಿ ಏರಿ, ಗರಿಷ್ಠ ದರ 60ರಿಂದ 90 ರೂ.ಗೆ ಮುಟ್ಟಿತು.

ಸರ್ಕಾರಿ ಬಡಾವಣೆಯಾದರೆ ಸುರಕ್ಷಿತ ಎಂಬ ನಂಬಿಕೆ ಕಾಗದಪತ್ರದ ಮಟ್ಟಿಗೆ ಸರಿ, ಕಾಲದ ಮಟ್ಟಿಗೆ ಅಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ನಿವೇಶನ ಹಂಚಲು ಆರಂಭಿಸಿದ್ದು 2016ರಲ್ಲಿ. ರಸ್ತೆ, ನೀರು, ವಿದ್ಯುತ್ತಿಗಾಗಿ ಹಂಚಿಕೆದಾರರು ಆಮೇಲೆ ವರ್ಷಗಟ್ಟಲೆ ಕಾಯಬೇಕಾಯಿತು. ಒಂದೆಡೆ ನಿವೇಶನಕ್ಕಾಗಿ ಪಡೆದ ಸಾಲದ ಕಂತು, ಇನ್ನೊಂದೆಡೆ ವಾಸದ ಮನೆಯ ಬಾಡಿಗೆ. ಎರಡನ್ನೂ ಕಟ್ಟಿದವರಿಗೆ ಮೇಲಿನ ಯಾವ ಲೆಕ್ಕವೂ ಅನ್ವಯಿಸದು.

ಖಾತಾ ಎಂಬ ಕಂಟಕ

ಹೊರವಲಯದಲ್ಲಿ ಅಗ್ಗಕ್ಕೆ ಸಿಗುವ ನಿವೇಶನಗಳಲ್ಲಿ ಅನೇಕವು ‘ರೆವಿನ್ಯೂ ನಿವೇಶನ’ಗಳು. ಕೃಷಿ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ, ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಪಡೆಯದೆ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಮಾರಿದವು. ನಗರದಲ್ಲಿ ‘ಬಿ’ ಖಾತಾ, ಪಂಚಾಯಿತಿಯಲ್ಲಿ ನಮೂನೆ 11ಬಿ ಎಂಬ ಹೆಸರಿನಲ್ಲಿ ತೆರಿಗೆ ಕಟ್ಟಿಸಿಕೊಳ್ಳಲಾಗುತ್ತದೆ. ತೆರಿಗೆ ಕಟ್ಟಿದ ರಸೀದಿ ಅನುಮೋದನೆಯ ಪತ್ರವಲ್ಲ ಎಂಬುದು ಕೊಂಡವರಿಗೆ ತಿಳಿಯುವುದು ಬ್ಯಾಂಕಿನ ಮೇಜಿನ ಮುಂದೆ ಕುಳಿತಾಗಲೇ.

ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಅಕ್ಟೋಬರ್‌ನಲ್ಲಿ ಪಾಲಿಕೆ ವ್ಯಾಪ್ತಿಯ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ನೀಡಕೂಡದೆಂದು ಹೇಳಿತು. ಮನೆ ಕಟ್ಟಿ ಮುಗಿಸಿ ದೀಪವಿಲ್ಲದೆ ಕುಳಿತವರ ಗೋಳು ಮುಗಿಲು ಮುಟ್ಟಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ನಿವೇಶನಗಳ ವಾಸದ ಮನೆಗಳಿಗೆ ವಿನಾಯಿತಿ ಕೊಟ್ಟಿತು. ಅದರ ಬೆನ್ನಿಗೇ, ಐದು ಪಾಲಿಕೆಗಳಾಗಿ ಹೊಸದಾಗಿ ರೂಪುಗೊಂಡ ಗ್ರೇಟರ್ ಬೆಂಗಳೂರು ವ್ಯಾಪ್ತಿಯಲ್ಲಿ ಮಾರ್ಗಸೂಚಿ ಬೆಲೆಯ ಶೇ. 5ರಷ್ಟು ಶುಲ್ಕ ಪಡೆದು ‘ಬಿ’ ಖಾತಾ ನಿವೇಶನಗಳಿಗೆ ‘ಎ’ ಖಾತಾ ನೀಡುವ ಯೋಜನೆಯನ್ನೂ 2025ರ ನವೆಂಬರ್‌ನಲ್ಲಿ ಆರಂಭಿಸಲಾಯಿತು. ಎಂಟು ವರ್ಷಗಳಲ್ಲಿ ತಡೆ, ಕಡ್ಡಾಯ, ನಿಷೇಧ, ವಿನಾಯಿತಿ, ಪರಿವರ್ತನೆ! ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕುವವನು ಈ ಪೈಕಿ ಯಾವುದನ್ನು ನಂಬಿ ಸಹಿ ಹಾಕಬೇಕು?

ಈ ವರದಿಗಾರನ ಮನೆಯಲ್ಲಿಯೇ ಇಂಥದೊಂದು ನಿವೇಶನವಿದೆ. ತುಮಕೂರು ಜಿಲ್ಲೆಯಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರಾಗಿದ್ದ ತಂದೆಯವರು 2006ರಲ್ಲಿ ನಿವೃತ್ತಿಯ ಹಣದಿಂದ, ಮಗನಿಗೆ ಬೆಂಗಳೂರಿನಲ್ಲಿ ಒಂದು ನೆಲೆಯಿರಲೆಂದು, ಮಾಗಡಿ ರಸ್ತೆಯಾಚೆ 30x40ರ ಜಾಗ ಕೊಂಡರು. ದಲ್ಲಾಳಿ ತೋರಿಸಿದ ನಕ್ಷೆಯಲ್ಲಿ ಉದ್ಯಾನವಿತ್ತು, ಶಾಲೆಯಿತ್ತು. ಭೂ ಪರಿವರ್ತನೆಯ ಆದೇಶ ಮಾತ್ರ ಇರಲಿಲ್ಲ. ಹತ್ತು ವರ್ಷದ ಬಳಿಕ ಮನೆ ಕಟ್ಟಲೆಂದು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಕಡತ ತೆರೆದು ಐದು ನಿಮಿಷದಲ್ಲಿ ಮುಚ್ಚಿದರು. ಕುಟುಂಬ ಇಂದಿಗೂ ಬಾಡಿಗೆ ಮನೆಯಲ್ಲಿದೆ. ಪ್ರತಿ ವರ್ಷ ಯುಗಾದಿಗೆ ಮುನ್ನ ತಂದೆಯವರು ಬಸ್ಸು ಹತ್ತಿ ಹೋಗಿ, ಕೂಲಿಯಾಳಿನಿಂದ ಕಳೆ ಕೀಳಿಸಿ, ನಾಲ್ಕು ಮೂಲೆಯ ಕಲ್ಲುಗಳು ಅಲ್ಲೇ ಇವೆಯೇ ಎಂದು ನೋಡಿ ಬರುತ್ತಾರೆ. ಆ ನಿವೇಶನದ ಬೆಲೆ ಈಗ ಎಷ್ಟೋ ಪಟ್ಟು ಏರಿದೆ ಎನ್ನುತ್ತಾರೆ. ಮಾರಲೂ ಆಗದ, ಕಟ್ಟಲೂ ಆಗದ ನೆಲದ ಬೆಲೆ ಏರಿದರೆಷ್ಟು, ಇಳಿದರೆಷ್ಟು?

ಬಾಡಿಗೆದಾರನ ಬವಣೆ

ಹಾಗೆಂದು ಬಾಡಿಗೆ ಮನೆ ಸುಖದ ಸುಪ್ಪತ್ತಿಗೆಯೂ ಅಲ್ಲ. ಹನ್ನೊಂದು ತಿಂಗಳ ಕರಾರು, ಹತ್ತು ತಿಂಗಳ ಮುಂಗಡ, ಬಿಡುವಾಗ ಬಣ್ಣ ಬಳಿಸುವ ಖರ್ಚೆಂದು ಒಂದು ತಿಂಗಳ ಬಾಡಿಗೆ ಕಡಿತ. ಇದು ಬೆಂಗಳೂರಿನ ಅಲಿಖಿತ ಶಾಸನ. ಕೈಯಲ್ಲಿ ಇಡಿಗಂಟು ಇರುವವರು ‘ಭೋಗ್ಯ’ಕ್ಕೆ ಹೋಗುತ್ತಾರೆ. ಮೂರು ವರ್ಷಕ್ಕೆಂದು ಕೊಟ್ಟ ಲಕ್ಷಗಳನ್ನು ಮಾಲೀಕ ಖರ್ಚು ಮಾಡಿಕೊಂಡು ‘ಬೇರೆಯವರು ಬರಲಿ, ಕೊಡುತ್ತೇನೆ’ ಎಂದರೆ ಅವರ ಪಾಡು ದೇವರಿಗೇ ಪ್ರೀತಿ.

ಕಾನೂನಿನ ಆಸರೆಯೂ ತೆಳುವಾಗಿದೆ. 2001ರ ಕೊನೆಯಲ್ಲಿ ಜಾರಿಗೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ವಾಸದ ಮನೆಗಳಿಗೆ ಅನ್ವಯಿಸುವುದಿಲ್ಲ. ಆ ಮೊತ್ತಕ್ಕೆ ಈಗ ನಗರದಲ್ಲಿ ಮನೆ ಎಲ್ಲಿದೆ? ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದೆನ್ನುತ್ತದೆ. ಆದರೆ ಮಾದರಿ ಕಾಯ್ದೆ ತಾನಾಗಿ ಜಾರಿಗೆ ಬರುವಂಥದಲ್ಲ, ರಾಜ್ಯಗಳು ಒಪ್ಪಿ ಶಾಸನ ಮಾಡಬೇಕು. ಮಾಲೀಕನ ಮಗನ ಮದುವೆ ಗೊತ್ತಾದರೆ ಮಕ್ಕಳ ಶಾಲೆಯ ನಡುವರ್ಷದಲ್ಲೇ ಮನೆ ಖಾಲಿ ಮಾಡಬೇಕಾದ ಭಯ, ಗೋಡೆಗೆ ಮೊಳೆ ಹೊಡೆಯಲೂ ಅಪ್ಪಣೆ ಕೇಳಬೇಕಾದ ಸಂಕೋಚ, ವಯಸ್ಸಾದ ಮೇಲೆ ಯಾರು ಮನೆ ಕೊಡುತ್ತಾರೆಂಬ ಚಿಂತೆ. ಇವಕ್ಕೆ ಕೋಷ್ಟಕದಲ್ಲಿ ಜಾಗವಿಲ್ಲ. ಆದರೆ ಜನ ಮನೆ ಕಟ್ಟುವುದು ಇವುಗಳಿಂದ ಪಾರಾಗಲಿಕ್ಕೇ ಹೊರತು ಶೇ. 6ರ ಲಾಭಕ್ಕಲ್ಲ.

ಯಾರಿಗೆ ಯಾವುದು?

ಒಟ್ಟಾರೆ ನೋಡಿದಾಗ ಒಂದೇ ಉತ್ತರ ಎಲ್ಲರಿಗೂ ಹೊಂದದು. ಆದರೆ ಮೂರು ಮಾತು ಹೇಳಬಹುದು.

ಮೊದಲನೆಯದಾಗಿ, ಕಾಗದಪತ್ರ ಸರಿಯಿರುವ ನಿವೇಶನ ಈಗಾಗಲೇ ಕೈಯಲ್ಲಿದ್ದರೆ ಕಟ್ಟುವುದೇ ಮೇಲು. ಮೇಲಿನ ಉದಾಹರಣೆಯಲ್ಲಿ ನಿವೇಶನದ ಬೆಲೆ ಮತ್ತು ನೋಂದಣಿ ವೆಚ್ಚ ತೆಗೆದರೆ ಖರ್ಚು 31.4 ಲಕ್ಷ ರೂ. ಅದಕ್ಕೆ 25 ಲಕ್ಷ ರೂ. ಸಾಲ ಪಡೆದರೆ ಕಂತು 21,696 ರೂ.; ಬಾಡಿಗೆಗಿಂತ ನಾಲ್ಕು ಸಾವಿರವೂ ಹೆಚ್ಚಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದೂ ಇಂಥವರಿಗೆ ಅನುಕೂಲ. ಆದರೂ ಅಂದಾಜಿನ ಮೇಲೆ ಒಂದಿಷ್ಟು ಹಣ ಬೇರೆಯೇ ತೆಗೆದಿಡಬೇಕು. ತಾರಸಿ ಹಾಕುವ ಹೊತ್ತಿಗೆ ಹಣ ನಿಂತರೆ ಬಾಡಿಗೆಯೂ ಬಡ್ಡಿಯೂ ಒಟ್ಟಿಗೆ ಓಡುತ್ತವೆ.

ಎರಡನೆಯದಾಗಿ, ನಿವೇಶನವನ್ನೂ ಸಾಲದಲ್ಲೇ ಕೊಳ್ಳಬೇಕಾದವರು, ಕೆಲಸದ ಸ್ಥಳ ಬದಲಾಗುವ ಸಾಧ್ಯತೆ ಇರುವವರು, ಮಕ್ಕಳ ಶಾಲೆ ನಗರದೊಳಗಿರುವವರು ಆತುರಪಡಬೇಕಿಲ್ಲ. ಬಾಡಿಗೆ ಕೊಟ್ಟ ಮಾತ್ರಕ್ಕೆ ಯಾರೂ ಹಾಳಾಗುವುದಿಲ್ಲ, ಉಳಿತಾಯ ಮಾಡದಿದ್ದರೆ ಹಾಳಾಗುತ್ತಾರೆ. ಕಂತಿನಷ್ಟೇ ಕಟ್ಟುನಿಟ್ಟಾಗಿ, ಸಂಬಳ ಬಂದ ದಿನವೇ, ಅಂತರದ ಹಣ ಬೇರೆ ಖಾತೆಗೆ ಹೋಗುವಂತೆ ಮಾಡಿಕೊಳ್ಳಬೇಕು. ಮನಸ್ಸಿನಲ್ಲಿರುವ ಬಡಾವಣೆಯಲ್ಲೇ ಒಂದು ವರ್ಷ ಬಾಡಿಗೆಗಿದ್ದು, ಒಂದು ಬೇಸಿಗೆ ಒಂದು ಮಳೆಗಾಲ ಕಳೆದು ನೋಡುವುದು ಇನ್ನೂ ಉತ್ತಮ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ ಭಾಗದ ಬಡಾವಣೆಗಳಿಗೆ ನೀರು ನುಗ್ಗಿ, ನಿವಾಸಿಗಳು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಹೊರಬಂದದ್ದನ್ನು ನಾಡು ಕಂಡಿದೆ. ರಾಜಕಾಲುವೆ ಎಲ್ಲಿದೆಯೆಂದು ದಲ್ಲಾಳಿ ಹೇಳುವುದಿಲ್ಲ, ಮಳೆ ಹೇಳುತ್ತದೆ.

ಮೂರನೆಯದಾಗಿ, ಅಗ್ಗಕ್ಕೆ ಸಿಗುವುದೆಂದು ದೋಷವುಳ್ಳ ನಿವೇಶನ ಕೊಳ್ಳುವುದಕ್ಕಿಂತ ಜೀವನವಿಡೀ ಬಾಡಿಗೆ ಕೊಡುವುದು ಕ್ಷೇಮ. ಮೂಲಪತ್ರ, ಪಹಣಿ, ಮ್ಯುಟೇಷನ್, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ, ಭೂ ಪರಿವರ್ತನೆಯ ಆದೇಶ, ಅನುಮೋದಿತ ಬಡಾವಣೆ ನಕ್ಷೆ, ಇ-ಖಾತಾ. ಇವಿಷ್ಟನ್ನೂ ಮಾರುವವನಿಗೆ ಸಂಬಂಧಪಡದ ವಕೀಲರಿಗೆ ತೋರಿಸಬೇಕು. ಸಾಲ ಬೇಡದವರೂ ಒಮ್ಮೆ ಬ್ಯಾಂಕಿಗೆ ಹೋಗಿ ಈ ಜಾಗಕ್ಕೆ ಸಾಲ ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು. ಬ್ಯಾಂಕು ಕೊಡಲು ಹಿಂಜರಿಯುವ ಜಾಗಕ್ಕೆ ನಾವು ಬದುಕಿನ ದುಡಿಮೆ ಸುರಿಯುವುದೇಕೆ?

ಸರ್ಕಾರದ ಹೊಣೆಯೂ ಸಣ್ಣದಲ್ಲ. ಸುಣ್ಣದ ಗೆರೆ ಎಳೆಯುವ ದಿನವೇ ತಡೆಯಬೇಕಾದ ಆಡಳಿತ, ಮನೆಗಳು ಎದ್ದ ಮೇಲೆ ಶುಲ್ಕ ವಿಧಿಸಿ ಸಕ್ರಮಗೊಳಿಸಲು ಹೊರಟರೆ ನಿಯಮ ಪಾಲಿಸಿದವನೇ ಮೂರ್ಖನಾಗುತ್ತಾನೆ. ಬಾಡಿಗೆದಾರನಿಗೆ ಕಾನೂನಿನ ನೆಮ್ಮದಿ ಸಿಕ್ಕಿದ್ದರೆ ಎಷ್ಟೋ ಕುಟುಂಬಗಳು ತಮ್ಮ ಶಕ್ತಿ ಮೀರಿ ಹೊರವಲಯಕ್ಕೆ ಓಡುತ್ತಿರಲಿಲ್ಲ.

ನಮ್ಮ ತಂದೆಯವರು ಈ ವರ್ಷವೂ ಕಳೆ ಕೀಳಿಸಿ ಬಂದರು. ಮನೆಗೆ ಬಂದವರೇ ಹೇಳಿದ್ದು ಇಷ್ಟು: ‘ಕಲ್ಲು ನಾಲ್ಕೂ ಇವೆ.’ ಲೆಕ್ಕದ ಪ್ರಕಾರ ನಾವು ಬಾಡಿಗೆ ಮನೆಯಲ್ಲಿ ನಷ್ಟದಲ್ಲಿಲ್ಲ ಎಂದು ಅವರಿಗೆ ವಿವರಿಸಲು ಈ ವರದಿಗಾರನಿಗೆ ಇನ್ನೂ ಸಾಧ್ಯವಾಗಿಲ್ಲ.